ರಿಲೇ ಕೈಕೊಟ್ಟಾಗ: ಇಎಸ್‌ಪಿ32 ವೈರಿಂಗ್‌ನಲ್ಲಿ ತಪ್ಪು ಹುಡುಕುವ ಬಗೆ

ಬೋರ್ಡಿನ ಮೇಲಿನ ಕೆಂಪು ದೀಪ ಹತ್ತುತ್ತದೆ, ಆರುತ್ತದೆ. ಆದರೆ ರಿಲೇ, ಅಂದರೆ ಸಣ್ಣ ಕರೆಂಟಿನ ಆಜ್ಞೆಗೆ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್, ‘ಟಕ್’ ಎನ್ನುವುದಿಲ್ಲ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟರನ್ನು ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ನಿಯಂತ್ರಕ ಚಿಪ್‌ಗೆ ವಹಿಸಲು ಹೊರಟ ಮೊದಲ ಸಲ ನಾನು ಇದರ ಮುಂದೆ ಎರಡು ಸಂಜೆ ಕೂತಿದ್ದೆ. ಕೋಡ್ ಬದಲಿಸಿದೆ, ಪಿನ್ ಬದಲಿಸಿದೆ, ಕೊನೆಗೆ ಇಎಸ್‌ಪಿ32 ಬೋರ್ಡನ್ನೇ ಬದಲಿಸಿದೆ. ಮೂರನೇ ಸಂಜೆ ಟಾರ್ಚ್ ಹಿಡಿದು ರಿಲೇಯ ನೀಲಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದೆ. ಅಲ್ಲಿ 12 ವೋಲ್ಟ್ ಎಂದಿತ್ತು. ನಾನು ಕೊಡುತ್ತಿದ್ದದ್ದು 5.

ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ರಿಲೇ ಕೆಲಸ ಮಾಡದಿದ್ದರೆ ಲ್ಯಾಪ್‌ಟಾಪ್ ಮುಚ್ಚಿಡುತ್ತೇನೆ. ಮೊದಲು ರಿಲೇ ಬೋರ್ಡ್ ಒಂದನ್ನೇ ನೋಡುತ್ತೇನೆ, ಆಮೇಲೆ ಇಎಸ್‌ಪಿ32 ಒಂದನ್ನೇ, ಆಮೇಲೆ ಎರಡನ್ನೂ ಕೂಡಿಸಿ. 230 ವೋಲ್ಟ್ ಬರುವುದು ಎಲ್ಲಕ್ಕಿಂತ ಕೊನೆಗೆ. ಈ ಲೇಖನದಲ್ಲಿ ಅದೇ ಕ್ರಮದಲ್ಲಿ ಹೋಗುತ್ತೇನೆ. ಬೇಕಾದದ್ದು ಒಂದು ಮಲ್ಟಿಮೀಟರ್, ನಾಲ್ಕು ಜಂಪರ್ ವೈರ್, ಒಂದು 5 ವೋಲ್ಟಿನ ಅಡಾಪ್ಟರ್. ಮಲ್ಟಿಮೀಟರ್ ಇಲ್ಲದವರು ದಯವಿಟ್ಟು ಒಂದನ್ನು ತನ್ನಿ. ಅದಿಲ್ಲದೆ ಮಾಡುವುದೆಲ್ಲ ಬರೀ ಊಹೆ.

ಒಂದೇ ಬೋರ್ಡಿನಲ್ಲಿ ಮೂರು ಸರ್ಕ್ಯೂಟ್

ರಿಲೇ ಬೋರ್ಡ್ ನೋಡಲು ಒಂದೇ ವಸ್ತು. ಒಳಗಿರುವುದು ಒಂದಕ್ಕೊಂದು ಅಂಟದ ಮೂರು ಸರ್ಕ್ಯೂಟ್.

ಮೊದಲನೆಯದು ಸಿಗ್ನಲ್. ಇಎಸ್‌ಪಿ32ರ ಪಿನ್‌ನಿಂದ ಬಂದ ಎರಡು ಮಿಲಿಆಂಪಿಯರ್ ಆಸುಪಾಸಿನ ಕರೆಂಟ್ ಆಪ್ಟೋಕಪ್ಲರ್ ಎಂಬ ನಾಲ್ಕು ಕಾಲಿನ ಚಿಪ್‌ನೊಳಗಿನ ಪುಟ್ಟ ದೀಪವನ್ನು ಹೊತ್ತಿಸುತ್ತದೆ. ಸಾಮಾನ್ಯವಾಗಿ ಅದರ ಮೇಲೆ 817 ಎಂದು ಬರೆದಿರುತ್ತದೆ. ಎರಡನೆಯದು ಕಾಯಿಲ್, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗುವ ತಂತಿಯ ಸುರುಳಿ. ಆ ಪುಟ್ಟ ಬೆಳಕು ಕಂಡ ಕೂಡಲೇ ಒಂದು ಟ್ರಾನ್ಸಿಸ್ಟರ್ ತೆರೆದುಕೊಂಡು ರಿಲೇಯ ಕಾಯಿಲ್‌ಗೆ ಕರೆಂಟ್ ಹರಿಸುತ್ತದೆ. ಎಲ್ಲ ಕಡೆ ಸಿಗುವ ನೀಲಿ ಬಣ್ಣದ ಎಸ್‌ಆರ್‌ಡಿ-05ವಿಡಿಸಿ-ಎಸ್‌ಎಲ್-ಸಿ ರಿಲೇಯ ಕಾಯಿಲ್ ಸುಮಾರು 70 ಓಮ್, ಅಂದರೆ 5 ವೋಲ್ಟಿಗೆ ಸುಮಾರು 70 ಮಿಲಿಆಂಪಿಯರ್. ಮೂರನೆಯದು ಕಾಂಟ್ಯಾಕ್ಟ್. ಕಾಯಿಲ್ ಎಳೆದಾಗ ಕೂಡುವ, ಬಿಟ್ಟಾಗ ಬೇರೆಯಾಗುವ ಲೋಹದ ನಾಲಿಗೆ ಅದು. ಮೋಟರ್, ಬಲ್ಬ್ ಎಲ್ಲ ಆ ಕಡೆಯವು.

ಕೆಂಪು ದೀಪ ಹೇಳುವುದು ಮೊದಲ ಸರ್ಕ್ಯೂಟಿನ ಸುದ್ದಿ. ‘ಟಕ್’ ಸದ್ದು ಎರಡನೆಯದರದ್ದು. ಮೀಟರಿನ ‘ಬೀಪ್’ ಮೂರನೆಯದರದ್ದು. ದೀಪ ಹತ್ತಿಯೂ ಸದ್ದು ಬರದಿದ್ದರೆ ತಪ್ಪು ಎರಡನೆಯದರಲ್ಲಿದೆ, ಕೋಡ್‌ನಲ್ಲಿ ಅಲ್ಲ. ಇಷ್ಟು ಗೊತ್ತಿದ್ದಿದ್ದರೆ ನನ್ನ ಎರಡು ಸಂಜೆ ಉಳಿಯುತ್ತಿದ್ದವು.

ಮೊದಲು ಎಂಸಿಬಿ ಇಳಿಸಿ

ಪರೀಕ್ಷೆ ಮುಗಿಯುವವರೆಗೆ ರಿಲೇಯ ಮೂರು ಸ್ಕ್ರೂ ಟರ್ಮಿನಲ್‌ಗಳಲ್ಲಿ ಮನೆಯ ಕರೆಂಟ್ ಇರಲೇಬಾರದು. ಸ್ವಿಚ್ ಆಫ್ ಮಾಡಿದರೆ ಸಾಲದು. ಎಂಸಿಬಿ ಇಳಿಸಿ, ವೈರುಗಳನ್ನು ಟರ್ಮಿನಲ್‌ನಿಂದ ಬಿಚ್ಚಿ, ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿಡಿ. ಬೋರ್ಡನ್ನು ಒಮ್ಮೆ ಮಗುಚಿ ನೋಡಿದರೆ ಕಾರಣ ಕಾಣುತ್ತದೆ. ಬೆರಳು ಇಡುವ ಅಡಿಭಾಗದಲ್ಲೇ ಬೆಸುಗೆಯ ಗುಬ್ಬಿಗಳು ಬರಿಮೈಯಲ್ಲಿವೆ. ಅವುಗಳಲ್ಲಿ ಕೆಲವು ನೇರ ಫೇಸ್‌ಗೆ ಸೇರಿದವು. ಮೇಜಿನ ಮೇಲೆ 230 ವೋಲ್ಟ್ ಇಟ್ಟುಕೊಂಡು ಜಂಪರ್ ವೈರ್ ಸರಿಪಡಿಸುವ ಹುಡುಗರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಬೋರ್ಡನ್ನು ಓದಿ

ಮೊದಲು ನೀಲಿ ಡಬ್ಬಿ. 05ವಿಡಿಸಿ ಎಂದರೆ 5 ವೋಲ್ಟಿನ ಕಾಯಿಲ್, 12ವಿಡಿಸಿ ಎಂದರೆ 12 ವೋಲ್ಟಿನದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ಹೊರನೋಟಕ್ಕೆ ಅವು ಅವಳಿಗಳು. ಕೊಳ್ಳುವಾಗಲೇ ಓದಿ ತನ್ನಿ.

ಆಮೇಲೆ ಸಿಗ್ನಲ್ ಪಿನ್‌ಗಳ ಕಡೆ ನೋಡಿ. ವಿಸಿಸಿ (ಪ್ಲಸ್), ಜಿಎನ್‌ಡಿ (ಗ್ರೌಂಡ್, ಅಂದರೆ ಮೈನಸ್), ಐಎನ್1, ಐಎನ್2 (ಸಿಗ್ನಲ್) ಇತ್ಯಾದಿ ಇರುತ್ತವೆ. ಎರಡು, ನಾಲ್ಕು, ಎಂಟು ರಿಲೇಗಳ ಬೋರ್ಡ್ ಆದರೆ ಪಕ್ಕದಲ್ಲಿ ಜೆಡಿ-ವಿಸಿಸಿ ಎಂಬ ಪಿನ್ ಮತ್ತು ಅದನ್ನು ವಿಸಿಸಿಗೆ ಜೋಡಿಸುವ ಪುಟ್ಟ ಜಂಪರ್ ಟೋಪಿ ಇರಬಹುದು. ವಿಸಿಸಿ ಆಪ್ಟೋ ಕಡೆಯ ಪೂರೈಕೆ, ಜೆಡಿ-ವಿಸಿಸಿ ಕಾಯಿಲ್ ಕಡೆಯದು. ಟೋಪಿ ಇದ್ದರೆ ಎರಡೂ ಒಂದೇ. ಟೋಪಿ ಕಳಚಿ ಹೋಗಿ ಜೆಡಿ-ವಿಸಿಸಿಗೆ ಏನೂ ಸೇರಿಸದೆ ಬಿಟ್ಟರೆ ದೀಪ ಹತ್ತುತ್ತದೆ, ಟಕ್ ಸದ್ದು ಇರುವುದಿಲ್ಲ. ಸಣ್ಣ ಪ್ಲಾಸ್ಟಿಕ್ ಟೋಪಿ, ಬ್ಯಾಗಿನ ಮೂಲೆಯಲ್ಲಿ ಸುಲಭವಾಗಿ ಬಿದ್ದುಹೋಗುತ್ತದೆ.

ಇನ್ನು ಕೆಲವು ಒಂಟಿ ರಿಲೇ ಬೋರ್ಡ್‌ಗಳಲ್ಲಿ ‘ಹೈ’ ಮತ್ತು ‘ಲೋ’ ಎಂದು ಆರಿಸಿಕೊಳ್ಳುವ ಜಂಪರ್ ಇರುತ್ತದೆ. ಯಾವ ಸಿಗ್ನಲ್‌ಗೆ ರಿಲೇ ಎಳೆಯಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಜೆಡಿ-ವಿಸಿಸಿ ಇರುವ ಬೋರ್ಡ್‌ಗಳು ಹೆಚ್ಚಿನವು ‘ಲೋ’ ಬಗೆಯವು. ಐಎನ್ ಪಿನ್ ಗ್ರೌಂಡಿಗೆ ಇಳಿದಾಗ ಅಲ್ಲಿ ರಿಲೇ ಎಳೆಯುತ್ತದೆ. ‘ಆನ್ ಅಂದರೆ ಆಫ್ ಆಗುತ್ತಿದೆ, ಆಫ್ ಅಂದರೆ ಆನ್’ ಎಂದು ಹೇಳುವವರ ಬೋರ್ಡಿನಲ್ಲಿ ದೋಷವೇನೂ ಇಲ್ಲ, ಅದರ ಸ್ವಭಾವವೇ ಹಾಗೆ.

ಬೋರ್ಡ್ ಒಂದನ್ನೇ ಪರೀಕ್ಷಿಸಿ

ಇಎಸ್‌ಪಿ32 ಪಕ್ಕಕ್ಕಿಡಿ. ಹಳೆಯ ಮೊಬೈಲ್ ಚಾರ್ಜರಿನ ಕೇಬಲ್ ಕತ್ತರಿಸಿ ಕೆಂಪು, ಕಪ್ಪು ವೈರ್ ಹೊರತೆಗೆಯಬಹುದು. ಆದರೆ ಅಗ್ಗದ ಕೇಬಲ್‌ಗಳಲ್ಲಿ ಬಣ್ಣವನ್ನು ನಂಬಬೇಡಿ, ಮೀಟರ್ ಇಟ್ಟು ಪ್ಲಸ್ ಯಾವುದು ಎಂದು ನೋಡಿಯೇ ಜೋಡಿಸಿ. ಪ್ಲಸ್ ವಿಸಿಸಿಗೆ, ಮೈನಸ್ ಜಿಎನ್‌ಡಿಗೆ, ಜಂಪರ್ ಟೋಪಿ ತನ್ನ ಜಾಗದಲ್ಲಿ.

ಈಗ ಒಂದು ಜಂಪರ್ ವೈರಿನ ಒಂದು ತುದಿಯನ್ನು ಜಿಎನ್‌ಡಿಗೆ ಇಟ್ಟು, ಇನ್ನೊಂದನ್ನು ಐಎನ್1ಕ್ಕೆ ತಾಗಿಸಿ. ದೀಪ ಹತ್ತಿ ‘ಟಕ್’ ಎನ್ನಬೇಕು. ತೆಗೆದಾಗ ಮತ್ತೊಮ್ಮೆ, ಸ್ವಲ್ಪ ಮೆತ್ತಗಿನ ‘ಟಕ್’. ಹೀಗೆ ಒಂದೊಂದೇ ರಿಲೇಯನ್ನು ನೋಡುತ್ತಾ ಹೋಗಿ. ಯಾವುದೂ ಅಲುಗಾಡದಿದ್ದರೆ ಬೋರ್ಡ್ ‘ಹೈ’ ಬಗೆಯದಿರಬಹುದು. ಐಎನ್1ನ್ನು ವಿಸಿಸಿಗೆ ತಾಗಿಸಿ ನೋಡಿ.

ಇಲ್ಲಿ ಟಕ್ ಎಂದರೆ ಬೋರ್ಡ್ ಗಟ್ಟಿಯಾಗಿದೆ ಎಂದು ಬರೆದಿಟ್ಟುಕೊಳ್ಳಿ. ಮುಂದೆ ತೊಂದರೆ ಬಂದರೆ, ಕಾಂಟ್ಯಾಕ್ಟ್ ಕಡೆಯೊಂದನ್ನು ಬಿಟ್ಟು, ಬೋರ್ಡ್ ಕೆಟ್ಟಿದೆ ಎಂದು ಅನುಮಾನಿಸಬೇಕಿಲ್ಲ. ದೀಪ ಮಾತ್ರ ಹತ್ತಿದರೆ ಕಾಯಿಲ್‌ಗೆ ವೋಲ್ಟೇಜ್ ಸಾಲುತ್ತಿಲ್ಲ. ಈ ನೀಲಿ ರಿಲೇ ಖಚಿತವಾಗಿ ಎಳೆಯಲು ಹೆಸರಿಗಿರುವ ವೋಲ್ಟೇಜಿನ 75 ಶೇಕಡಾ ಬೇಕು, ಅಂದರೆ 3.75 ವೋಲ್ಟ್. ಇಎಸ್‌ಪಿ32ರ 3.3 ವೋಲ್ಟ್ ಪಿನ್‌ನಿಂದಲೇ ಬೋರ್ಡಿಗೆ ಪೂರೈಕೆ ಕೊಟ್ಟವರಿಗೆ ದೀಪ ಕಂಡು ಸದ್ದು ಕೇಳದಿರುವುದು ಇದಕ್ಕೇ.

ಕಾಯಿಲ್‌ಗೆ ಕರೆಂಟ್ ಎಲ್ಲಿಂದ?

ಒಂದು ರಿಲೇಗೆ 70 ಮಿಲಿಆಂಪಿಯರ್ ಎಂದರೆ ನಾಲ್ಕಕ್ಕೆ 280, ಎಂಟಕ್ಕೆ 560. ಇಎಸ್‌ಪಿ32 ವೈಫೈಯಲ್ಲಿ ಕಳಿಸುವ ಕ್ಷಣಕ್ಕೆ ತಾನೇ 240 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆ. ಲ್ಯಾಪ್‌ಟಾಪಿನ ಸಾಮಾನ್ಯ ಯುಎಸ್‌ಬಿ ಕಿಂಡಿಯ ಲೆಕ್ಕ 500. ಕೂಡಿ ನೋಡಿದರೆ ನಾಲ್ಕನೇ ರಿಲೇ ಎಳೆದ ಕೂಡಲೇ ಬೋರ್ಡ್ ಯಾಕೆ ರೀಸೆಟ್ ಆಗುತ್ತದೆ ಎಂಬುದು ಹೊಳೆಯುತ್ತದೆ.

ಒಂದು ಅಳತೆಯನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ನನ್ನ ನಾಲ್ಕು ರಿಲೇಗಳ ಬೋರ್ಡ್, ಬೆಸುಗೆಯಿಲ್ಲದೆ ವೈರ್ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನ ಸಾಲಿನಿಂದ ಪೂರೈಕೆ ಪಡೆಯುತ್ತಿತ್ತು, ಇಎಸ್‌ಪಿ32 ಅದೇ ಸಾಲಿನಿಂದ. ಎಲ್ಲ ಆಫ್ ಇದ್ದಾಗ ಬೋರ್ಡಿನ ವಿಸಿಸಿ ಮತ್ತು ಜಿಎನ್‌ಡಿ ನಡುವೆ 4.98. ನಾಲ್ಕೂ ಎಳೆದಾಗ 4.31. ಅದೇ ಕ್ಷಣ ಅಡಾಪ್ಟರಿನ ತುದಿಯಲ್ಲಿ ಅಳೆದರೆ 5.02. ಹಾಗಾದರೆ ನಡುವಿನ 0.7 ವೋಲ್ಟ್ ಹೋದದ್ದು ಬ್ರೆಡ್‌ಬೋರ್ಡಿನ ಸಡಿಲ ಹಿಡಿಕೆಯಲ್ಲಿ ಮತ್ತು ಕೂದಲಿನಂಥ ಜಂಪರ್ ವೈರಿನಲ್ಲಿ. 4.31 ಇದ್ದರೂ ರಿಲೇ ಎಳೆದು ಹಿಡಿಯುತ್ತದೆ, ಅದಕ್ಕೆ ತೊಂದರೆಯಿಲ್ಲ. ತೊಂದರೆ ಇಎಸ್‌ಪಿ32ಕ್ಕೆ. ಅದರ ಬೋರ್ಡಿನ ಮೇಲಿರುವ ಎಎಂಎಸ್1117 ರೆಗ್ಯುಲೇಟರ್ 3.3 ವೋಲ್ಟ್ ಕೊಡಬೇಕಾದರೆ ತನಗೆ ಸುಮಾರು ಒಂದು ವೋಲ್ಟ್ ಹೆಚ್ಚುವರಿ ಬೇಕೆನ್ನುತ್ತದೆ. ವೈಫೈ ಎಳೆದ ಹೊತ್ತಿಗೆ ಅದು ಸಿಗದೆ ಚಿಪ್ ಕುಸಿಯುತ್ತದೆ. ಚಿಪ್‌ನ ಸಂದೇಶಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ ‘ಬ್ರೌನ್‌ಔಟ್ ಡಿಟೆಕ್ಟರ್’ ಎಂಬ ಸಾಲು ಬರುತ್ತದೆ, ವೋಲ್ಟೇಜ್ ಕುಸಿದಿದೆ ಎಂದು ಅದರರ್ಥ.

ಆ ಎಚ್ಚರಿಕೆಯನ್ನು ಕೋಡ್‌ನಲ್ಲಿ ಬಂದ್ ಮಾಡುವ ಒಂದು ಸಾಲು ಎಲ್ಲೆಡೆ ಹರಿದಾಡುತ್ತಿದೆ. ಅದನ್ನು ಬಳಸಬೇಡಿ. ವೋಲ್ಟೇಜ್ ಇಲ್ಲದ ಚಿಪ್ ರೀಸೆಟ್ ಆಗುವ ಬದಲು ಅರ್ಧಂಬರ್ಧ ಓಡುತ್ತದೆ, ಮೋಟರ್ ಅದರ ಕೈಯಲ್ಲಿರುತ್ತದೆ.

ಪರಿಹಾರ ಸರಳ. 5 ವೋಲ್ಟ್ 2 ಆಂಪಿಯರಿನ ಒಳ್ಳೆಯ ಅಡಾಪ್ಟರ್ ತನ್ನಿ. ಅದರಿಂದ ಒಂದು ಜೋಡಿ ವೈರ್ ರಿಲೇ ಬೋರ್ಡಿಗೆ, ಇನ್ನೊಂದು ಜೋಡಿ ಇಎಸ್‌ಪಿ32ರ ವಿಐಎನ್ ಅಥವಾ 5ವಿ ಪಿನ್‌ಗೆ. ಎರಡೂ ಜೋಡಿ ಅಡಾಪ್ಟರಿನ ತುದಿಯಲ್ಲೇ ಕವಲೊಡೆಯಬೇಕು, ಒಂದರ ಮೂಲಕ ಇನ್ನೊಂದಕ್ಕೆ ಹೋಗಬಾರದು. ರಿಲೇ ಬೋರ್ಡಿನ ಪೂರೈಕೆಗೆ ಅಡ್ಡಲಾಗಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಅದರ ಮೈಮೇಲೆ ಪಟ್ಟಿ ಇರುವ ಕಾಲು ಮೈನಸ್. ವಿಐಎನ್‌ಗೆ ಅಡಾಪ್ಟರ್ ಸೇರಿಸಿರುವಾಗ ಲ್ಯಾಪ್‌ಟಾಪಿನ ಯುಎಸ್‌ಬಿಯನ್ನೂ ಚುಚ್ಚಬೇಡಿ. ಕೋಡ್ ಹಾಕುವಾಗ ಒಂದನ್ನು ಬಿಚ್ಚಿಡಿ.

ಆರ್ಡುಯಿನೋ ಊನೋ ಬಳಸುವವರು 12 ವೋಲ್ಟಿನ ಅಡಾಪ್ಟರನ್ನು ಅದರ ದುಂಡು ಕಿಂಡಿಗೆ ಸೇರಿಸಿ, 5ವಿ ಪಿನ್‌ನಿಂದ ನಾಲ್ಕು ರಿಲೇ ಓಡಿಸಲು ನೋಡುತ್ತಾರೆ. ಮಿಕ್ಕ 7 ವೋಲ್ಟ್ ಗುಣಿಸು 0.28 ಆಂಪಿಯರ್, ಸುಮಾರು 2 ವ್ಯಾಟ್ ಆ ಪುಟ್ಟ ರೆಗ್ಯುಲೇಟರಿನಲ್ಲಿ ಬಿಸಿಯಾಗಿ ಹೋಗಬೇಕು. ಮುಟ್ಟಿದರೆ ಬೆರಳು ಸುಡುತ್ತದೆ.

ಪಿನ್ ಸರಿಯಾದದ್ದೇ?

ಈಗ ರಿಲೇ ಬೋರ್ಡ್ ಪಕ್ಕಕ್ಕಿಟ್ಟು ಇಎಸ್‌ಪಿ32 ಒಂದನ್ನೇ ತೆಗೆದುಕೊಳ್ಳಿ. ಐದು ಸೆಕೆಂಡ್ ಹೈ, ಐದು ಸೆಕೆಂಡ್ ಲೋ ಮಾಡುವ ಚಿಕ್ಕ ಕೋಡ್ ಹಾಕಿ, ಪಿನ್ ಮತ್ತು ಗ್ರೌಂಡ್ ನಡುವೆ ಮೀಟರ್ ಇಡಿ. 3.3 ಮತ್ತು 0 ಅದಲುಬದಲಾಗಬೇಕು.

ಆಗದಿದ್ದರೆ ಪಿನ್ ಸಂಖ್ಯೆ ನೋಡಿ. 34, 35, 36, 39 ಬರೀ ಇನ್‌ಪುಟ್ ಪಿನ್‌ಗಳು, ಅವುಗಳಿಂದ ಔಟ್‌ಪುಟ್ ಬರುವುದಿಲ್ಲ. 6ರಿಂದ 11 ಒಳಗಿನ ಫ್ಲ್ಯಾಶ್ ಮೆಮೊರಿಗೆ ಮೀಸಲು, ಮುಟ್ಟಬೇಡಿ. 0, 2, 5, 12, 15 ಇವು ಚಿಪ್ ಏಳುವ ಹೊತ್ತಿಗೆ ಓದಿಕೊಳ್ಳುವ ಪಿನ್‌ಗಳು. ಇವುಗಳ ಪೈಕಿ 12ನೆಯದು ಬಹಳ ಕಾಡುತ್ತದೆ. ಏಳುವಾಗ ಅದು ಹೈ ಇದ್ದರೆ ಫ್ಲ್ಯಾಶ್ ಮೆಮೊರಿಗೆ ತಪ್ಪು ವೋಲ್ಟೇಜ್ ಆಯ್ಕೆಯಾಗಿ ಬೋರ್ಡ್ ಬೂಟ್ ಆಗದೇ ಹೋಗಬಹುದು. ರಿಲೇ ವೈರ್ ಕಿತ್ತಾಗ ಬೂಟ್ ಆಗಿ, ಸೇರಿಸಿದಾಗ ಆಗದಿದ್ದರೆ ಈ ಪಿನ್ ಬಳಸಿದ್ದೀರಾ ನೋಡಿ. ರಿಲೇಗೆ ನಾನು ಬಳಸುವುದು 25, 26, 27, 32, 33. ಇವು ತಕರಾರು ಮಾಡಿದ್ದು ನೋಡಿಲ್ಲ.

ನೋಡ್‌ಎಂಸಿಯು ಇಎಸ್‌ಪಿ8266 ಆದರೆ ಡಿ3, ಡಿ4, ಡಿ8 ಬಿಟ್ಟು ಡಿ1, ಡಿ2 ಹಿಡಿಯಿರಿ.

3.3 ಮತ್ತು 5ರ ನಡುವಿನ ಜಗಳ

ಬೋರ್ಡ್ ಒಂದೇ ಇದ್ದಾಗ ಸರಿ, ಪಿನ್ ಒಂದೇ ಇದ್ದಾಗ ಸರಿ, ಎರಡೂ ಕೂಡಿದಾಗ ರಿಲೇ ಎಳೆದದ್ದು ಬಿಡುವುದೇ ಇಲ್ಲ. ಜನ ಅತಿ ಹೆಚ್ಚು ಒದ್ದಾಡುವುದು ಇಲ್ಲಿಯೇ.

‘ಲೋ’ ಬಗೆಯ ಬೋರ್ಡಿನಲ್ಲಿ ಆಪ್ಟೋದ ದೀಪ ವಿಸಿಸಿಯಿಂದ ಐಎನ್ ಕಡೆಗೆ ಕೂತಿರುತ್ತದೆ. ಐಎನ್ 0 ಆದರೆ ನಡುವೆ 5 ವೋಲ್ಟ್, ದೀಪ ಹತ್ತುತ್ತದೆ. ಆರಬೇಕಾದರೆ ಐಎನ್ ಕೂಡ 5ಕ್ಕೆ ಏರಬೇಕು. ಆದರೆ ಇಎಸ್‌ಪಿ32ರ ಹೈ ಎಂದರೆ 3.3. ಆಗಲೂ ನಡುವೆ 1.7 ವೋಲ್ಟ್ ಉಳಿಯುತ್ತದೆ, ಆಪ್ಟೋದ ದೀಪಕ್ಕೆ ಬೇಕಾದದ್ದು 1.2 ಮಾತ್ರ. ಹೊರಗೆ ಕಾಣುವ ಕೆಂಪು ದೀಪವೂ ಅದೇ ಸಾಲಿನಲ್ಲಿ ಕೂತಿರುವ ಬೋರ್ಡ್‌ಗಳಲ್ಲಿ ಎರಡು ದೀಪಗಳಿಗೆ ಸೇರಿ 1.7 ಸಾಲದೆ ರಿಲೇ ಬಿಟ್ಟುಬಿಡುತ್ತದೆ. ಆಪ್ಟೋ ದೀಪ ಒಂಟಿಯಾಗಿರುವ ಬೋರ್ಡ್‌ಗಳಲ್ಲಿ ಅರ್ಧ ಮಿಲಿಆಂಪಿಯರ್ ಹರಿಯುತ್ತಲೇ ಇದ್ದು ರಿಲೇ ಹಿಡಿದುಕೊಂಡೇ ಇರುತ್ತದೆ. ಒಂದೇ ಕೋಡ್, ಒಂದೇ ವೈರಿಂಗ್, ಗೆಳೆಯನ ಬೋರ್ಡ್ ಓಡುತ್ತದೆ, ನಿಮ್ಮದು ಓಡುವುದಿಲ್ಲ. ಕಾರಣ ಇದು.

ಪರೀಕ್ಷೆಗೆ ಕೋಡ್ ಬೇಡ. ಎರಡೂ ಬೋರ್ಡಿನ ಗ್ರೌಂಡ್ ಕೂಡಿಸಿ. ಐಎನ್1ನ್ನು ಗ್ರೌಂಡಿಗೆ ತಾಗಿಸಿ ಟಕ್ ಎನಿಸಿ. ಆಮೇಲೆ ಅದೇ ವೈರನ್ನು ಇಎಸ್‌ಪಿ32ರ 3.3 ವೋಲ್ಟ್ ಪಿನ್‌ಗೆ ತಾಗಿಸಿ. ರಿಲೇ ಬಿಟ್ಟರೆ ನಿಮ್ಮ ಬೋರ್ಡ್ ಒಗ್ಗುತ್ತದೆ. ಬಿಡದಿದ್ದರೆ ಎರಡು ದಾರಿ.

ಮೊದಲ ದಾರಿ: ಜಂಪರ್ ಟೋಪಿ ಕಿತ್ತು, ಜೆಡಿ-ವಿಸಿಸಿಗೆ 5 ವೋಲ್ಟ್, ವಿಸಿಸಿಗೆ 3.3 ವೋಲ್ಟ್ ಕೊಡುವುದು. ಆಗ ಹೈ ಎಂದರೆ ನಡುವಿನ ವೋಲ್ಟೇಜ್ ಸೊನ್ನೆ, ರಿಲೇ ಖಂಡಿತ ಬಿಡುತ್ತದೆ. ಆದರೆ ಎಳೆಯಲು ಈಗ 3.3 ಮಾತ್ರ ಇದೆ. ಎರಡು ದೀಪ ಸಾಲಾಗಿರುವ ಬೋರ್ಡಿನಲ್ಲಿ ಅದು ಬಿಳಿಚಿಕೊಂಡು, ರಿಲೇ ಒಮ್ಮೆ ಎಳೆದು ಒಮ್ಮೆ ಎಳೆಯದೆ ಸತಾಯಿಸಬಹುದು. ನೂರು ಸಲ ಆನ್-ಆಫ್ ಮಾಡಿ ಒಂದೂ ತಪ್ಪದಿದ್ದರೆ ಮಾತ್ರ ಇದನ್ನು ನಂಬಿ.

ಎರಡನೆಯದು ನಾನು ಯಾವಾಗಲೂ ಮಾಡುವುದು: ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್. ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಕಲೆಕ್ಟರ್ ಐಎನ್1ಕ್ಕೆ, ಎಮಿಟರ್ ಗ್ರೌಂಡಿಗೆ, ಬೇಸ್‌ಗೆ 4.7 ಕಿಲೋ ಓಮ್ ರೆಸಿಸ್ಟರ್ ಮೂಲಕ ಇಎಸ್‌ಪಿ32ರ ಪಿನ್. ಬೇಸ್‌ನಿಂದ ಗ್ರೌಂಡಿಗೆ ಇನ್ನೊಂದು 10 ಕಿಲೋ ಓಮ್. ವಿಸಿಸಿ 5 ವೋಲ್ಟ್, ಟೋಪಿ ತನ್ನ ಜಾಗದಲ್ಲೇ ಇರಲಿ. ಈಗ ಆಪ್ಟೋ ದೀಪಕ್ಕೆ ಪೂರ್ತಿ 5 ವೋಲ್ಟ್ ಸಿಗುತ್ತದೆ, ಟ್ರಾನ್ಸಿಸ್ಟರ್ ಮುಚ್ಚಿದಾಗ ಪೂರ್ತಿ ಆರುತ್ತದೆ. ಲಾಜಿಕ್ ಕೂಡ ನೆಟ್ಟಗಾಗುತ್ತದೆ: ಹೈ ಎಂದರೆ ಆನ್. ಎಲ್ಲಕ್ಕಿಂತ ಮುಖ್ಯ, ಇಎಸ್‌ಪಿ32 ಸತ್ತರೂ ವೈರ್ ಕಳಚಿದರೂ ಆ 10 ಕಿಲೋ ಓಮ್ ಬೇಸನ್ನು ಕೆಳಗೆ ಹಿಡಿದು ಮೋಟರನ್ನು ನಿಲ್ಲಿಸಿಡುತ್ತದೆ. ಕೆಲವು ರೂಪಾಯಿಯ ಈ ಮೂರು ಬಿಡಿಭಾಗಗಳಿಗಿಂತ ಒಳ್ಳೆಯ ವಿಮೆ ನನಗೆ ಗೊತ್ತಿಲ್ಲ.

ಗ್ರೌಂಡ್ ಬಗ್ಗೆ ಒಂದು ಮಾತು. ಆಪ್ಟೋ ಇಲ್ಲದ ಒಂಟಿ ರಿಲೇ ಬೋರ್ಡಿಗೆ ಬೇರೆ ಅಡಾಪ್ಟರ್ ಕೊಟ್ಟು, ಅದರ ಗ್ರೌಂಡನ್ನು ಇಎಸ್‌ಪಿ32ರ ಗ್ರೌಂಡಿಗೆ ಸೇರಿಸದೆ ಬಿಟ್ಟರೆ ಸಿಗ್ನಲ್‌ಗೆ ಮರಳುವ ದಾರಿಯೇ ಇರುವುದಿಲ್ಲ. ರಿಲೇ ತನಗೆ ತೋಚಿದಂತೆ ಆಡುತ್ತದೆ. ಅಲ್ಲಿ ಗ್ರೌಂಡ್ ಕೂಡಿಸಲೇಬೇಕು. ಆಪ್ಟೋ ಇರುವ ಬೋರ್ಡಿನಲ್ಲಿ ಟೋಪಿ ಕಿತ್ತು ಕಾಯಿಲ್‌ಗೆ ಪ್ರತ್ಯೇಕ ಅಡಾಪ್ಟರ್ ಕೊಟ್ಟಿದ್ದರೆ ಮಾತ್ರ ಎರಡೂ ಗ್ರೌಂಡ್ ಬೇರೆಯಾಗಿರಬಹುದು. ಕೂಡಿಸಿದರೆ ಆಪ್ಟೋ ಕೊಡುವ ಬೇರ್ಪಡಿಕೆ ವ್ಯರ್ಥ.

ಕರೆಂಟ್ ಹೋಗಿ ಬಂದಾಗ

ನಮ್ಮ ಕಡೆ ಕರೆಂಟ್ ಹೋಗಿ ಬರುವುದು ದಿನಚರಿ. ಬಂದ ಕೂಡಲೇ ಮೋಟರ್ ಐದಾರು ಸೆಕೆಂಡ್ ಓಡಿ ನಿಲ್ಲುತ್ತದೆ ಎಂದರೆ ಕೋಡ್ ತೆರೆಯುವ ಹೊತ್ತು ಬಂತು. ಸೆಟಪ್ ಭಾಗದಲ್ಲಿ ಮೇಲೆ ಪಿನ್‌ಮೋಡ್ ಔಟ್‌ಪುಟ್, ಆಮೇಲೆ ವೈಫೈಗೆ ಕಾಯುವ ಲೂಪ್, ಅದಾದ ಮೇಲೆ ಡಿಜಿಟಲ್‌ರೈಟ್ ಹೈ. ಈ ಮೂರು ಹೀಗೆ ಸಾಲಾಗಿದ್ದರೆ ಅದೇ ತಪ್ಪು. ಔಟ್‌ಪುಟ್ ಎಂದ ಕ್ಷಣ ಪಿನ್ 0ಕ್ಕೆ ಇಳಿಯುತ್ತದೆ. ‘ಲೋ’ ಬಗೆಯ ಬೋರ್ಡಿಗೆ ಅದು ಆನ್ ಆಜ್ಞೆ. ವೈಫೈ ಸಿಗುವವರೆಗೆ ಮೋಟರ್ ಓಡುತ್ತದೆ. ರೂಟರ್ ಏಳಲು ಎರಡು ನಿಮಿಷವಾದರೆ ಎರಡು ನಿಮಿಷವೂ.

ಪಿನ್‌ಮೋಡ್ ಆದ ಮರುಸಾಲಿನಲ್ಲೇ ಆಫ್ ಬರೆಯಿರಿ, ಅದೂ ಸೆಟಪ್‌ನ ಮೊದಲಲ್ಲೇ. ನಡುವಿನ ಕೆಲವು ಮೈಕ್ರೋಸೆಕೆಂಡ್‌ಗೆ ರಿಲೇ ಅಲುಗಾಡುವುದಿಲ್ಲ, ಅದಕ್ಕೆ ಎಳೆಯಲು ಮಿಲಿಸೆಕೆಂಡ್‌ಗಳೇ ಬೇಕು. ವೈಫೈ ಕಾಯುವ ಲೂಪ್‌ಗೂ ಒಂದು ಮಿತಿ ಇರಲಿ.

ಕಾಂಟ್ಯಾಕ್ಟ್ ಕಡೆ

ಇನ್ನೂ 230 ವೋಲ್ಟ್ ಬೇಡ. ಮೀಟರನ್ನು ಕಂಟಿನ್ಯೂಟಿಗೆ (ಎರಡು ತುದಿ ಕೂಡಿದ್ದರೆ ಬೀಪ್ ಎನ್ನುವ ಸ್ಥಾನಕ್ಕೆ) ಇಟ್ಟು ಮೂರು ಸ್ಕ್ರೂಗಳನ್ನು ಪರೀಕ್ಷಿಸಿ. ರಿಲೇ ಬಿಟ್ಟಿರುವಾಗ ಕಾಮನ್ ಮತ್ತು ಎನ್‌ಸಿ (ನಾರ್ಮಲಿ ಕ್ಲೋಸ್ಡ್) ನಡುವೆ ಬೀಪ್, ಎಳೆದಾಗ ಕಾಮನ್ ಮತ್ತು ಎನ್‌ಒ (ನಾರ್ಮಲಿ ಓಪನ್) ನಡುವೆ. ಬೋರ್ಡಿನ ಮೇಲಿನ ಅಕ್ಷರಕ್ಕಿಂತ ಈ ಬೀಪನ್ನು ನಂಬಿ. ಮೋಟರಿಗೆ ಬಳಸಬೇಕಾದದ್ದು ಎನ್‌ಒ, ಆಗ ಪೂರೈಕೆ ತಪ್ಪಿದರೆ ಮೋಟರ್ ನಿಲ್ಲುತ್ತದೆ.

ಬೋರ್ಡಿಗೆ ಏನೂ ಪೂರೈಕೆ ಇಲ್ಲದಿರುವಾಗಲೂ ಕಾಮನ್-ಎನ್‌ಒ ನಡುವೆ ಬೀಪ್ ಬಂದರೆ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಬಿಡಬಹುದು. ಬಿಟ್ಟರೂ ಆ ರಿಲೇಯನ್ನು ಮತ್ತೆ ಬಳಸಬೇಡಿ. ಬೆಸೆದದ್ದು ಏಕೆ? ನೀಲಿ ಡಬ್ಬಿಯ ಮೇಲಿನ 10 ಆಂಪಿಯರ್ ಹೀಟರಿನಂಥ ಲೋಡ್‌ಗೆ ಹೇಳಿದ ಮಾತು. ಒಂದು ಎಚ್‌ಪಿ ಮೋಟರ್ ಓಡುವಾಗ ಐದಾರು ಆಂಪಿಯರ್ ಎಳೆದರೂ ಶುರುವಾಗುವ ಕ್ಷಣ ಅದರ ಐದಾರು ಪಟ್ಟು ಎಳೆಯುತ್ತದೆ. ಆ ಕಿಡಿಯಲ್ಲಿ ಲೋಹ ಕರಗಿ ಅಂಟುತ್ತದೆ. ಆಮೇಲೆ ಕೋಡ್ ಏನು ಹೇಳಿದರೂ ಮೋಟರ್ ನಿಲ್ಲುವುದಿಲ್ಲ, ಟ್ಯಾಂಕ್ ತುಂಬಿ ಹರಿಯುತ್ತದೆ, ಸಂಪು ಬರಿದಾಗಿ ಮೋಟರ್ ಒಣಗಿ ಓಡುತ್ತದೆ.

ಆದ್ದರಿಂದ ಮೋಟರಿಗೆ ನೇರ ರಿಲೇ ಬೇಡವೇ ಬೇಡ. 230 ವೋಲ್ಟ್ ಕಾಯಿಲಿನ, ಮೋಟರಿಗೆ ತಕ್ಕ ಕಾಂಟ್ಯಾಕ್ಟರ್ (ಮೋಟರಿನ ಕರೆಂಟ್ ತಾಳುವ ದೊಡ್ಡ ರಿಲೇ) ಹಾಕಿಸಿ. ನಮ್ಮ ರಿಲೇ ಆ ಕಾಂಟ್ಯಾಕ್ಟರಿನ ಎ1, ಎ2 ಕಾಯಿಲನ್ನು ಮಾತ್ರ ಆಡಿಸಲಿ. ರಿಲೇಯಲ್ಲಿ ಕತ್ತರಿಸಬೇಕಾದದ್ದು ಫೇಸನ್ನು. ನ್ಯೂಟ್ರಲ್ ಕತ್ತರಿಸಿದರೂ ಲೋಡ್ ನಿಲ್ಲುತ್ತದೆ, ಆದರೆ ಒಳಗೆ ಫೇಸ್ ಜೀವಂತ ಇರುತ್ತದೆ. ಟೆಸ್ಟರ್ ಇಟ್ಟು ಕಾಮನ್‌ಗೆ ಬಂದದ್ದು ಫೇಸೇ ಎಂದು ಖಚಿತಪಡಿಸಿಕೊಳ್ಳಿ. ಈ ಭಾಗವನ್ನು ವೈರಿಂಗ್ ಮಾಡುವವರಿಂದ ಮಾಡಿಸುವುದರಲ್ಲಿ ಸಂಕೋಚ ಬೇಡ.

ತೋಟದ ಬೋರ್‌ವೆಲ್ ಪಂಪ್‌ಸೆಟ್ ಮೂರು ಫೇಸಿನದ್ದಾದರೆ ಇನ್ನೂ ಒಂದು ಎಚ್ಚರಿಕೆ. ಸ್ಟಾರ್ಟರಿನ ಕಾಯಿಲ್ ಹಲವು ಕಡೆ ಎರಡು ಫೇಸ್‌ಗಳ ನಡುವೆ, 415 ವೋಲ್ಟಿನಲ್ಲಿ ಕೂತಿರುತ್ತದೆ. ಹಸಿರು ಗುಂಡಿಗೆ ಸಮಾನಾಂತರವಾಗಿ ನೀಲಿ ರಿಲೇ ಹಾಕಿದರೆ ಸಾಕು ಎಂದು ಹೇಳುವವರು ಸಿಗುತ್ತಾರೆ. ಆದರೆ ನೀಲಿ ರಿಲೇಯ ಮಿತಿ 250 ವೋಲ್ಟ್. ಕಾಯಿಲಿನ ಮೇಲಿನ ಅಂಕಿ ಓದದೆ ಅಲ್ಲಿಗೆ ವೈರ್ ಎಳೆಯಬೇಡಿ.

ಮೋಟರ್ ನಿಂತ ಕೂಡಲೇ ರೀಸೆಟ್

ಎಲ್ಲ ಸರಿಯಾಯಿತು. ಆದರೆ ಕಾಂಟ್ಯಾಕ್ಟರ್ ಬಿಟ್ಟಾಗಲೆಲ್ಲ ಇಎಸ್‌ಪಿ32 ರೀಸೆಟ್ ಆಗುತ್ತದೆ, ಅಥವಾ ಡಿಸ್‌ಪ್ಲೇಯಲ್ಲಿ ಅಕ್ಷರ ಕಲಸಿಹೋಗುತ್ತವೆ. ಎಂಸಿಬಿ ಇಳಿಸಿ, ರಿಲೇಯನ್ನು ಬರಿದೇ ಹತ್ತು ಸಲ ಟಕ್ ಟಕ್ ಎನಿಸಿ. ಆಗಲೂ ರೀಸೆಟ್ ಆದರೆ ಪೂರೈಕೆಯ ತಪ್ಪು, ಮೇಲಿನ ಅಳತೆಗೆ ಹಿಂದಿರುಗಿ. ಬರಿದೇ ಇದ್ದಾಗ ಸರಿ, ಲೋಡ್ ಇದ್ದಾಗ ಮಾತ್ರ ಎಂದರೆ ಕಾಂಟ್ಯಾಕ್ಟರಿನ ಕಾಯಿಲ್ ಬಿಡುವಾಗ ಹಾರಿಸುವ ವೋಲ್ಟೇಜಿನ ಕಿಡಿ ಕಾರಣ.

ಅದಕ್ಕೆ ಸ್ನಬ್ಬರ್ ಮದ್ದು: 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡಿನ, ಮನೆಯ ಕರೆಂಟಿಗೆಂದೇ ಮಾಡಿದ ಎಕ್ಸ್2 ಬಗೆಯ ಕೆಪಾಸಿಟರ್ ಸಾಲಾಗಿ. ಸಾಮಾನ್ಯ ಕೆಪಾಸಿಟರ್ ಇಲ್ಲಿ ನಡೆಯುವುದಿಲ್ಲ. ಇದನ್ನು ಎ1, ಎ2ಕ್ಕೆ ಅಡ್ಡಲಾಗಿ ಹಾಕಿ. ರಿಲೇ ಕಾಂಟ್ಯಾಕ್ಟಿಗೆ ಅಡ್ಡಲಾಗಿ ಹಾಕಿದರೆ ಆಫ್ ಇದ್ದಾಗಲೂ ಸುಮಾರು 7 ಮಿಲಿಆಂಪಿಯರ್ ಸೋರುತ್ತದೆ. ಎಲ್‌ಇಡಿ ಬಲ್ಬ್ ಆಗಿದ್ದರೆ ರಾತ್ರಿಯಿಡೀ ಮಿಣುಕುತ್ತಿರುತ್ತದೆ. ಹನಿ ನೀರಾವರಿಯ 12 ವೋಲ್ಟ್ ಡಿಸಿ ವಾಲ್ವ್ ಆದರೆ ಸ್ನಬ್ಬರ್ ಬದಲು ಒಂದು 1ಎನ್4007 ಡಯೋಡ್ ಸಾಕು, ಪಟ್ಟಿಯಿರುವ ತುದಿ ಪ್ಲಸ್ ಕಡೆಗೆ. ಜೊತೆಗೆ ಸಿಗ್ನಲ್ ವೈರ್ ಮತ್ತು ಮೋಟರ್ ವೈರ್ ಒಂದೇ ಪೈಪಿನಲ್ಲಿ ಹೋಗದಿರಲಿ.

ಕೊನೆಯ ಪರೀಕ್ಷೆಯನ್ನು ನಾನು ಮೋಟರ್ ಮೇಲೆ ಮಾಡುವುದಿಲ್ಲ. ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಲೋಡ್ ಜಾಗದಲ್ಲಿ ಹೋಲ್ಡರಿಗೆ ಹಾಕಿದ ಒಂದು ಹಳೆಯ ಬಲ್ಬ್ ಸೇರಿಸುತ್ತೇನೆ. ಮೇನ್ ಸ್ವಿಚ್ಚನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡುತ್ತೇನೆ. ರೂಟರ್ ಬಂದ್ ಮಾಡಿ ಮತ್ತೆ ಹತ್ತು ಸಲ. ಆ ಇಪ್ಪತ್ತರಲ್ಲಿ ಬಲ್ಬ್ ಒಮ್ಮೆಯಾದರೂ ತಾನಾಗಿ ಮಿಂಚಿದರೆ ಡಬ್ಬಿಯನ್ನು ಮತ್ತೆ ಮೇಜಿಗೆ ತರುತ್ತೇನೆ. ಮಿಂಚದಿದ್ದರೆ ಯಾವ ಪಿನ್ ಯಾವ ರಿಲೇಗೆ, ಯಾವ ಬಣ್ಣದ ವೈರ್ ಎಲ್ಲಿಗೆ ಎಂದು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ, ಆಮೇಲೆ ಕಾಂಟ್ಯಾಕ್ಟರಿನ ವೈರ್ ಜೋಡಿಸುತ್ತೇನೆ.